ಆರುನೂರ ಹನ್ನೆರಡು

ಹುಚ್ಚರಾಯಪ್ಪನವರೇ,
ನೀವು ಶಿಕಾರಿಪುರದಿಂದ ಫೋನು ಮಾಡಿದಾಗ
ನಾನು ಆರುನೂರ ಹನ್ನೆರಡರಲ್ಲಿದ್ದೆ.
ಇಲ್ಲ, ಇಪ್ಪತ್ತೊಂದೋ.
ಅದೇ ನೋಡಿ ತೊಂದರೆ.

ಸುತ್ತು ಎಣಿಸುವ ಮೀಟರು ಹೋದ ದೀಪಾವಳಿಗೇ ಕೆಟ್ಟಿತು.
ಈಗ ಬಾಯಲ್ಲೇ ಲೆಕ್ಕ.
ಬಲಗೈ ಹಿಡಿಕೆ ತಿರುಗಿಸುತ್ತದೆ,
ಎಡಗೈ ಹೆಬ್ಬೆರಳ ಸಂದಿಯಲ್ಲಿ ತಾಮ್ರದ ತಂತಿ
ಕೂದಲಿನ ಹಾಗೆ ಹಾಯುತ್ತದೆ,
ನೂರಾದಾಗೆಲ್ಲ ಬಟ್ಟಲಿಗೊಂದು ಹುಣಸೆ ಬೀಜ.
ಬೀಜ ಆರು ಇದ್ದವು, ಅದು ಖಾತ್ರಿ.
ಆಮೇಲಿನದು ನಿಮ್ಮ ಹಲೋದಲ್ಲಿ ಮುಳುಗಿತು.

"ಒಂಬತ್ತು ಸುತ್ತು ಹೆಚ್ಚೋ ಕಮ್ಮಿಯೋ
ಯಾರಿಗೆ ಕೇಳ್ತದೆ ಅಕ್ಕಾ?" ಅಂದಳು ಪರ್ವೀನ್‌ತಾಜ್.
ಹತ್ತೊಂಬತ್ತರ ಹುಡುಗಿ. ಅವಳು ಹಾಕಿದ ಬೆಸುಗೆ
ಆಗ ತಾನೇ ತೊಳೆದ ಅಕ್ಕಿಕಾಳು.
ಹೇಳಿದ್ದು ಸುಳ್ಳೂ ಅಲ್ಲ.
ಆದರೂ ಬಿಚ್ಚಿದೆ.
ಆರುನೂರೂ ಬಿಚ್ಚಿದೆ.
ಬಿಚ್ಚಿದ್ದನ್ನು ಮತ್ತೆ ಸುತ್ತುವ ಹಾಗಿಲ್ಲ,
ಮಡಿಕೆ ಬಿದ್ದಲ್ಲಿ ಮೇಲಿನ ಪದರ ಸೀಳುತ್ತದೆ.
ಗುಜರಿ ಅಸ್ಗರ್ ತೂಗಿ ಕೊಟ್ಟ ದುಡ್ಡು
ಎರಡು ಚಹಾಕ್ಕೆ, ಒಂದು ಬನ್ನಿಗೆ.

ತಡಕ್ಕೆ ಕಾರಣ ಕೇಳಿದಿರಿ. ಬರೆದುಕೊಳ್ಳಿ.
ತಗಡು ಹುಬ್ಬಳ್ಳಿ ಬಿಟ್ಟಿಲ್ಲ, ಇವತ್ತಿಗೆ ಹನ್ನೊಂದು ದಿನ.
ವಾರ್ನಿಷ್ ಒಣಗುವುದಿಲ್ಲ; ಈ ಆಷಾಢದಲ್ಲಿ
ದುರ್ಗಿಗುಡಿಯ ಗಾಳಿ ಹಿಂಡಿದರೆ ಒಂದು ಚೊಂಬು ನೀರು.
ಹಾಗಾಗಿ ಬೇಕರಿ ಮಂಜಯ್ಯನವರ ಒಲೆಯಿಂದ
ಕೊನೆಯ ಬ್ರೆಡ್ಡು ಇಳಿದ ಮೇಲೆ, ರಾತ್ರಿ ಹತ್ತೂವರೆಗೆ,
ನಮ್ಮ ಕಾಯಿಲುಗಳು ಒಳಗೆ ಹೋಗುತ್ತವೆ.
ಒಂದು ಸಲ ವಾರ್ನಿಷ್ ವಾಸನೆ ಹತ್ತಿದ ರಸ್ಕು ಮಾರಿದರಂತೆ,
ಯಾರೂ ವಾಪಸು ತರಲಿಲ್ಲವೆಂದು ಅವರು ನಕ್ಕರು.
ನನಗೆ ನಗು ಬರಲಿಲ್ಲ.
ನನ್ನದೂ ಒಂದು ವಾಪಸು ಬರಲಿಲ್ಲ.

ಮೂರು ವರ್ಷದ ಹಿಂದೆ, ಆಯನೂರು ಕಡೆಯ ಶಾಲೆ.
ಅವಸರಕ್ಕೆ ಕೊಟ್ಟ ಆಂಪ್ಲಿಫೈಯರು.
ತಗಡು ಬಿಗಿಯಾಗಿ ಕೂತಿರಲಿಲ್ಲ,
ಗೊತ್ತಿತ್ತು.
ವಾರ್ಷಿಕೋತ್ಸವಕ್ಕೆ ನನ್ನನ್ನೂ ಕರೆದು
ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು.
ನಾಟಕದಲ್ಲಿ ಒಂದು ಹುಡುಗಿ, ರಟ್ಟಿನ ಕಿರೀಟ,
ಮಾತು ಮರೆತಳು.
ಮೈದಾನವೆಲ್ಲ ಉಸಿರು ಹಿಡಿಯಿತು.
ಅವಳು ಮಾತು ಹುಡುಕುತ್ತಿದ್ದ ಆ ಖಾಲಿಯಲ್ಲಿ
ನನ್ನ ಪೆಟ್ಟಿಗೆ ಬಾಯಿ ಹಾಕಿತು:
ಗುಂಯ್.

ಯಾರೂ ತಿರುಗಿ ನೋಡಲಿಲ್ಲ.
ಜೀರುಂಡೆ ಅಂದುಕೊಂಡಿರಬೇಕು.
ಮಗು ಅಳುವ ಮೊದಲು ಯಾರೋ ಚಪ್ಪಾಳೆ ತಟ್ಟಿದರು,
ಎಲ್ಲರೂ ತಟ್ಟಿದರು.
ನನ್ನ ಕೈ ಮೇಲೇಳಲಿಲ್ಲ.

ಅಂದಿನಿಂದ ಪ್ರತಿ ಪೆಟ್ಟಿಗೆಗೂ ರಾತ್ರಿ ಎರಡರ ಪರೀಕ್ಷೆ.
ಕೊನೆಯ ಲಾರಿ ಸರ್ಕಲ್ ದಾಟಿದ ಮೇಲೆ
ಫ್ರಿಜ್ಜು ಆರಿಸಿ, ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿ,
ಸ್ಪೀಕರಿನ ಬಟ್ಟೆಗೆ ಕಿವಿಯೊತ್ತಿ ಕೂರುತ್ತೇನೆ.
ನನ್ನ ರಕ್ತ ಹರಿಯುವುದು ಕೇಳಬೇಕು,
ಪೆಟ್ಟಿಗೆ ಇರುವುದು ಕೇಳಬಾರದು.
ಇದಕ್ಕೆ ಮುದ್ರೆ ಗಿದ್ರೆ ಯಾರೂ ಕೊಡುವುದಿಲ್ಲ.
ಒಳಗಿನ ಹಲಗೆಗೆ ಪೆನ್ಸಿಲಿನಲ್ಲಿ
ಲೂರ್ದಮ್ಮ ಎಂದು ಬರೆದು ತಿರುಪು ಬಿಗಿಯುತ್ತೇನೆ,
ಅಷ್ಟೆ. ಬಿಚ್ಚಿದವರಿಗೇ ಕಾಣುವುದು.

ವರ್ಷಕ್ಕೆ ಇಪ್ಪತ್ತಾರು, ಜೋರು ಮಾಡಿದರೆ ಇಪ್ಪತ್ತೆಂಟು.
ಗಾಂಧಿ ಬಜಾರಿನಲ್ಲಿ ಅರ್ಧ ಬೆಲೆಯವು ರಾಶಿ ಬಿದ್ದಿವೆ,
ಇವತ್ತು ಸಂಜೆಯ ಬಸ್ಸಿಗೇ ಹಾಕುತ್ತಾರೆ.
ಬೇಕಾದರೆ ತಗೊಳ್ಳಿ, ಮುಂಗಡ ಮರಳಿಸುತ್ತೇನೆ,
ಬೇಜಾರಿಲ್ಲ.
(ಬೇಜಾರಿದೆ.)

ಒಂದೇ ಮಾತು: ಬೈಯುವುದಿದ್ದರೆ
ಊಟದ ಹೊತ್ತಿಗೆ ಬೈಯಿರಿ,
ಆಗ ನಾನು ಅನ್ನ ಬಿಟ್ಟು ಏನನ್ನೂ ಎಣಿಸುವುದಿಲ್ಲ,
ಅದನ್ನೂ ಎಣಿಸುವುದಿಲ್ಲ.

ಪರ್ವೀನ್ ಬಟ್ಟಲು ಖಾಲಿ ಮಾಡಿ ಮುಂದಿಟ್ಟಿದ್ದಾಳೆ.
ಫೋನನ್ನು ತಿರುಪಿನ ಡಬ್ಬಿಗೆ ಹಾಕಿ
ಮುಚ್ಚಳದ ಮೇಲೆ ಇಕ್ಕಳ ಹೇರಿದ್ದಾಳೆ.
ಒಳಗೆ ನೀವೇ ಇರಬೇಕು,
ಗುಂಯ್ ಅನ್ನುತ್ತಿದ್ದೀರಿ.
ಇರಲಿ.
ನಲವತ್ತೇಳು.
ನಲವತ್ತೆಂಟು.